‘ತಂಗುಹ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಕುಡುಗೋಲಿನದೂ ಒಂದು ಪ್ರಶ್ನೆ

ಗೆಳೆಯರೇ,

ನನ್ನ ಸಂಗ್ರಹದಲ್ಲಿರುವ ಇಂಡೊನೇಷ್ಯಾದ ಕತ್ತಿ, ಕುಡುಗೋಲುಗಳಿಗೆ ಕನ್ನಡದಲ್ಲಿ ವಿವರದ ಚೀಟಿ ಬರೆಯುತ್ತಿದ್ದೇನೆ. ಅಲಗು, ಹಿಡಿ, ಒರೆ ಇವಕ್ಕೆ ನಮ್ಮ ಪದಗಳೇ ಸಾಕು. ಕೆರಿಸ್ ಅನ್ನುವ ಬಾಕಿನ ಅಲಗು ಹಾವಿನ ಹಾಗೆ ತಿರುಗುತ್ತದಲ್ಲ, ಆ ತಿರುವಿಗೆ ಜಾವಾದವರು ‘ಲುಕ್’ ಅನ್ನುತ್ತಾರೆ. ಲೆಕ್ಕ ಯಾವಾಗಲೂ ಬೆಸ ಸಂಖ್ಯೆ. ಇದಕ್ಕೆ ‘ಬಳುಕು’ ಅಂತ ಹಾಕಿಕೊಂಡಿದ್ದೇನೆ. ‘ಒಂಬತ್ತು ಬಳುಕಿನ ಕೆರಿಸ್’ ಚೆನ್ನಾಗಿದೆ, ಅಲ್ವಾ?

ತೊಡಕು ಬಂದಿರುವುದು ‘ತಂಗುಹ್’ ಪದದಲ್ಲಿ. ಕಬ್ಬಿಣದ ಬಣ್ಣ, ಅಲಗಿನ ಆಕಾರ, ಅದರ ಮೇಲಿನ ಪಾಮೊರ್ ನೋಡಿ ಇದು ಪಜಾಜರನ್ ಕಾಲದ್ದು, ಇದು ಮಜಾಪಹಿತ್, ಇದು ಮಾತರಂ ಅಂತ ಜಾವಾದ ಹಳೆಯ ರಾಜ್ಯಗಳ ಲೆಕ್ಕದಲ್ಲಿ ಹೇಳುವ ಪದ್ಧತಿ ಅದು. ಪಾಮೊರ್ ಅಂದರೆ ಕಬ್ಬಿಣದ ಜೊತೆ ನಿಕ್ಕಲ್ ಇರುವ ಕಬ್ಬಿಣ ಸೇರಿಸಿ, ಮಡಿಸಿ ಬಡಿದಾಗ ಮೂಡುವ ಚಿತ್ತಾರ. ನಿಂಬೆ ರಸ, ಪಾಷಾಣ ಹಚ್ಚಿದರೆ ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲ್ ಬೆಳ್ಳಗೆ ಉಳಿಯುತ್ತದೆ. ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ತೊಳೆದು ಮತ್ತೆ ಹಚ್ಚುವ ರೂಢಿ ಇರುವುದರಿಂದ ಹಳೆಯ ಅಲಗೂ ಹೊಸದರಂತೆ ಹೊಳೆಯಬಹುದು. ಒರೆ, ಹಿಡಿ ನೋಡಿ ಕಾಲ ಹೇಳುವುದಂತೂ ಆಗದ ಮಾತು. ಸವೆದ ಹಾಗೆಲ್ಲ ಅವನ್ನು ಬದಲಾಯಿಸುತ್ತಾ ಬಂದಿರುತ್ತಾರೆ.

ಹೀಗಿರುವಾಗ ತಂಗುಹ್ ಅನ್ನು ‘ಕಾಲನಿರ್ಣಯ’ ಅಂದರೆ ತಪ್ಪಾಗುತ್ತದೆ ಅಂತ ನನ್ನ ವಾದ. ನಿರ್ಣಯ ಆಗಬೇಕಾದರೆ ಬರಹ ಬೇಕು. ಕ್ನೌಡ್ ಅನ್ನುವ ಡಚ್ ವೈದ್ಯನ ಬಳಿ ಇದ್ದ ‘ಕ್ನೌಡ್ ಕೆರಿಸ್’ ಮೇಲೆ ಶಕವರ್ಷ 1264, ಅಂದರೆ ಕ್ರಿ.ಶ. 1342 ಅಂತ ಕೊರೆದಿದೆ. ನಮ್ಮ ಶಾಸನಗಳಲ್ಲಿ ಬರುವ ಅದೇ ಶಕವರ್ಷ. ಅಂಥದ್ದು ತೀರ ಅಪರೂಪ. ಉಳಿದದ್ದೆಲ್ಲ ಬಲ್ಲವರ ಕಣ್ಣಂದಾಜು. (ಮಾರುವವರ ಕಣ್ಣಿಗೆ ಮಾತ್ರ ಎಲ್ಲವೂ ಮಜಾಪಹಿತ್!) ಅದಕ್ಕೇ ‘ಕಾಲದಂದಾಜು’ ಅಂತ ಬರೆಯೋಣವೇ? ಇನ್ನೂ ಒಳ್ಳೆಯ ಪದ ಇದ್ದರೆ ತಿಳಿಸಿ.

ಇನ್ನು ಕುಡುಗೋಲು. ಹುಲ್ಲು ಕೊಯ್ಯುವ ‘ಆರಿತ್’ಗೆ ನಮ್ಮ ಕುಡುಗೋಲು ಸರಿ ಹೋಗುತ್ತದೆ. ಮದುರಾ ದ್ವೀಪದ, ಅರ್ಧಚಂದ್ರದಂತೆ ಬಾಗಿದ ‘ಚೆಲುರಿತ್’ ಹೊಡೆದಾಟಕ್ಕೂ ಹೆಸರಾದದ್ದು, ಹಾಗಾಗಿ ಆ ಹೆಸರನ್ನು ಹಾಗೇ ಬಿಟ್ಟಿದ್ದೇನೆ. ಕರಾವಳಿ, ಮಲೆನಾಡಿನ ಕಡೆ ಕತ್ತಿ ಅಂದರೆ ಕುಡುಗೋಲೂ ಆಗಬಹುದು. ಹಾಗಾಗಿ ಚೀಟಿಯಲ್ಲಿ ಬರೀ ‘ಕತ್ತಿ’ ಅಂತ ಬರೆಯುವುದು ಬೇಡ ಅನ್ನಿಸುತ್ತದೆ.

ಪದ ಸಿಗದೆ ಉಳಿದಿರುವುದು ‘ಆನಿ-ಆನಿ’ ಒಂದಕ್ಕೇ. ಪುಟ್ಟ ಮರದ ತುಂಡಿಗೆ ಸಣ್ಣ ಅಲಗು ಕೂರಿಸಿದ ಇದು ಅಂಗೈಯಲ್ಲೇ ಅಡಗುತ್ತದೆ. ಭತ್ತದ ತೆನೆಗಳನ್ನು ಒಂದೊಂದಾಗಿ ಕೊಯ್ಯಲು ಹೆಂಗಸರು ಬಳಸುತ್ತಿದ್ದರು. ದೊಡ್ಡ ಅಲಗು ಕಂಡರೆ ಭತ್ತದ ದೇವತೆ ದೇವಿ ಶ್ರೀ ಬೆದರುತ್ತಾಳೆ ಅಂತ ನಂಬಿಕೆ. 1970ರ ದಶಕದಲ್ಲಿ ಗಿಡ್ಡ ತಳಿಯ ಭತ್ತ ಬಂದಮೇಲೆ ಕುಡುಗೋಲು ಆ ಜಾಗ ಹಿಡಿಯಿತು. ನಮ್ಮಲ್ಲಿ ಜೋಳದ್ದೋ ರಾಗಿಯದೋ ತೆನೆ ಮಾತ್ರ ಕೊಯ್ಯುವ ಇಂಥ ಸಣ್ಣ ಅಲಗಿಗೆ ಯಾವ ಸೀಮೆಯಲ್ಲಾದರೂ ಬೇರೆ ಹೆಸರು ಇದೆಯೇ? ಊರಿನ ಹೆಸರೂ ಸೇರಿಸಿ ಬರೆದರೆ ಉಪಕಾರ.