ಯಾವ ಬೆಂಗಳೂರು ದಕ್ಷಿಣಾನಪ್ಪಾ?

ಸೀನ ಗೃಹಪ್ರವೇಶಕ್ಕೆ ಬಂದಾಗ ಮೂರನೇ ಪಂಕ್ತಿಯೂ ಎದ್ದಾಗಿತ್ತು. ಬಡಿಸುವವರೇ ಊಟಕ್ಕೆ ಕೂತಿದ್ದರು. ಬೆಳಗ್ಗೆ 9ಕ್ಕೆ ಮನೆ ಬಿಟ್ಟವನು ಮಧ್ಯಾಹ್ನ 3ಕ್ಕೆ ಬಂದು, ಇನ್ನೂ ಚಪ್ಪಲಿ ಬಿಡುವ ಮೊದಲೇ ಮಂಜನ ಮೇಲೆ ಹಾರಿದ.

"ಲೇ, ನಿನ್ನ ಮನೆ ಯಾವ ಬೆಂಗಳೂರು ದಕ್ಷಿಣದಲ್ಲಿದೆಯೋ?"

2025ರ ಕಾರ್ತಿಕದ ಮಾತು ಇದು. ಮಂಜ ಮಾಗಡಿ ಕಡೆಯ ತನ್ನೂರಲ್ಲಿ ಮನೆ ಕಟ್ಟಿಸಿದ್ದ. ಆಹ್ವಾನ ಪತ್ರಿಕೆಯಲ್ಲಿ ‘ಹೊಸಹಳ್ಳಿ, ಮಾಗಡಿ ತಾಲ್ಲೂಕು, ಬೆಂಗಳೂರು ದಕ್ಷಿಣ ಜಿಲ್ಲೆ’ ಅಂತ ಸರಿಯಾಗಿಯೇ ಇತ್ತು. ಆದರೆ ಸೀನನಿಗೆ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋದಲ್ಲಿ ತೆಗೆದವನ ಹೆಬ್ಬೆರಳು ಮಾಗಡಿ ತಾಲ್ಲೂಕಿನ ಮೇಲೆ ಕೂತಿತ್ತು. ಉಳಿದದ್ದು ಹೊಸಹಳ್ಳಿ ಮತ್ತು ಬೆಂಗಳೂರು ದಕ್ಷಿಣ. ನಮ್ಮಲ್ಲಿ ಹೊಸಹಳ್ಳಿಗಳಿಗೇನು ಬರವಾ? ಮೊದಲು ಜಯನಗರದ ಕಡೆ ಹೋಗಿದ್ದಾನೆ, ಆಮೇಲೆ ಕೆಂಗೇರಿ ಕಡೆ, ಆಮೇಲೆ ಯಾರೋ ಕನಕಪುರ ರಸ್ತೆ ಹಿಡಿಸಿದ್ದಾರೆ. ಕೊನೆಗೆ ಮಂಜನ ಅತ್ತಿಗೆ ಫೋನ್ ಎತ್ತಿದ್ದಕ್ಕೆ ಬಚಾವಾದ.

"ಮಾಗಡಿ ಬೆಂಗಳೂರಿಗೆ ಪಶ್ಚಿಮ ಕಣೋ. ಸೂರ್ಯ ಮುಳುಗೋ ದಿಕ್ಕು. ಅದು ಹೆಂಗೆ ದಕ್ಷಿಣ ಆಯ್ತು?"

"ನಾನೇನು ಇಟ್ಟ ಹೆಸರಾ? ಮನೆಗೆ ಪಾಯ ತೋಡಿದಾಗ ರಾಮನಗರ ಜಿಲ್ಲೆ. ಛಾವಣಿ ಹಾಕೋ ಹೊತ್ತಿಗೆ, 2025ರ ಮೇ ತಿಂಗಳಲ್ಲಿ, ಹೆಸರು ಬದಲಾಯಿತು. ಅಷ್ಟೇ," ಅಂದ ಮಂಜ.

ಅಷ್ಟು ಹೊತ್ತಿಗೆ ಶಾಮಿಯಾನದ ಕೆಳಗೆ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದ ನಮ್ಮ ಮೇಷ್ಟ್ರಿಗೆ ಉತ್ಸಾಹ ಬಂತು. ನಿವೃತ್ತರಾಗಿ ಹತ್ತು ವರ್ಷ ಆಗಿದೆ, ಆದರೂ ಯಾರಾದರೂ ತಪ್ಪು ಉತ್ತರ ಕೊಟ್ಟರೆ ಅವರಿಗೆ ಊಟ ಅರಗುತ್ತದೆ.

"ಸೀನ, ಕೂತ್ಕೋ. ಬೆಂಗಳೂರು ದಕ್ಷಿಣ ಅನ್ನೋದು ಒಂದಲ್ಲ, ಐದು. ಒಂದು ಈ ಜಿಲ್ಲೆ. ಇನ್ನೊಂದು ಬೆಂಗಳೂರು ದಕ್ಷಿಣ ತಾಲ್ಲೂಕು, ಅದು ಈ ಜಿಲ್ಲೆಯಲ್ಲಿಲ್ಲ, ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಈಗ ಸೆಪ್ಟೆಂಬರ್‌ನಲ್ಲಿ ಬೆಂಗಳೂರನ್ನ ಐದು ಪಾಲಿಕೆ ಮಾಡಿದರಲ್ಲ, ಅದರಲ್ಲಿ ಬೆಂಗಳೂರು ದಕ್ಷಿಣ ನಗರ ಪಾಲಿಕೆ ಅಂತ ಒಂದು. ಆಮೇಲೆ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ. ಆಮೇಲೆ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ."

"ಕೊನೇದೆರಡು ಒಂದರೊಳಗೊಂದು ಇರುತ್ತೆ ಬಿಡಿ," ಅಂದೆ ನಾನು, ಬುದ್ಧಿವಂತನ ಹಾಗೆ.

ಮೇಷ್ಟ್ರು ಕಾಯುತ್ತಿದ್ದದ್ದೇ ಇದಕ್ಕೆ. "ಇಲ್ಲ! ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಇರೋದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ. ಮಾಗಡಿಯೂ ಅದರಲ್ಲೇ. ಸರಿ, ಹಾಗಾದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕು, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಇವು ಯಾವ ಲೋಕಸಭಾ ಕ್ಷೇತ್ರ?"

"ಬೆಂಗಳೂರು ಗ್ರಾಮಾಂತರ," ಅಂದ ಸೀನ.

"ಚಿಕ್ಕಬಳ್ಳಾಪುರ! ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕೂ ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿಲ್ಲ."

ಸೀನ ನಿಂತಲ್ಲೇ ಕೂತ. ಯಾರೋ ಅವನ ಮುಂದೆ ಎಲೆ ಹಾಕಿದರು. ಹೋಳಿಗೆ ಖಾಲಿ, ಕೋಸಂಬರಿ ಖಾಲಿ, ಅನ್ನ ಸಾರು ಮಾತ್ರ ಇತ್ತು. ಅವನು ಸಾರು ಕಲಸುತ್ತಲೇ ಕೇಳಿದ್ದು: "ಹಂಗಂದ್ರೆ ಈ ಗೆರೆಗಳನ್ನೆಲ್ಲ ಎಳೆಯೋರು ಒಬ್ಬರೇ ಅಲ್ವಾ?"

ಅಲ್ಲ. ಅಲ್ಲೇ ಇರೋದು ತಮಾಷೆ. ಕ್ಷೇತ್ರದ ಗೆರೆ ಮತ ಎಣಿಸೋದಕ್ಕೆ, ಅದನ್ನ ಎಳೆಯೋಕೆ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಇದೆ. ಜಿಲ್ಲೆ, ತಾಲ್ಲೂಕು, ಹೋಬಳಿ ಗೆರೆ ಕಂದಾಯದ್ದು, ಅದು ರಾಜ್ಯ ಸರ್ಕಾರದ ಪೆನ್ನು. ರಾಜ್ಯದ ಗೆರೆ ಸಂಸತ್ತಿನ ಪೆನ್ನು. ಮೂರು ಪೆನ್ನಿಗೂ ಪರಿಚಯವಿಲ್ಲ. ಇನ್ನು ಅಂಚೆಯವರ ಪಿನ್‌ಕೋಡ್ ಗೆರೆ, ರೈಲ್ವೆಯವರ ವಿಭಾಗದ ಗೆರೆ ಬೇರೆ. ಅದಕ್ಕೆ ಕೈ ಹಾಕಿದರೆ ಸಂಜೆ ಕಾಫಿಯೂ ಮುಗಿದುಹೋಗುತ್ತದೆ.

ಗೆರೆಯ ಮಾತು ಬಂದದ್ದೇ ತಡ, ಹೊಸಪೇಟೆ ಬಸು ಎದ್ದ. "ನೀವು ಒಂದು ಹೆಸರು ಬದಲಾಗಿದ್ದಕ್ಕೆ ಇಷ್ಟ್ ಒದ್ದಾಡ್ತೀರಲ್ರೀ, ನಮ್ಮಜ್ಜಿ ಕಥಿ ಕೇಳ್ರಿ. ಹುಟ್ಟಿದಾಗ ಮದ್ರಾಸ್ ಪ್ರಾಂತ್ಯ. 1953ರ ಅಕ್ಟೋಬರ್ 1ಕ್ಕ ಬಳ್ಳಾರಿ ಜಿಲ್ಲಾ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದ್ವು. ನಮ್ಮಜ್ಜಿ ತಂಗೀನ ಕೊಟ್ಟಿದ್ದು ರಾಯದುರ್ಗಕ್ಕ. ಅಕ್ಕ ಮೈಸೂರು ರಾಜ್ಯ, ತಂಗಿ ಆಂಧ್ರ. 1973ಕ್ಕ ಮೈಸೂರು ಹೋಗಿ ಕರ್ನಾಟಕ ಆತು. 2021ಕ್ಕ ಬಳ್ಳಾರಿ ಒಡದು ವಿಜಯನಗರ ಜಿಲ್ಲಾ ಮಾಡಿದ್ರು. ಇಷ್ಟೆಲ್ಲ ಆದ್ರೂ ನಮ್ಮಜ್ಜಿ ಕೂತಿದ್ದು ಅದೇ ಕಟ್ಟಿ ಮ್ಯಾಲೆ. ಒಂದ್ ಸಾಮಾನು ಸಾಗಿಸಲಿಲ್ಲ."

"ಅಜ್ಜೀನ ಯಾರಾದರೂ ಕೇಳಿದರಾ?"

"ಅಜ್ಜೀನ ಯಾರ್ ಕೇಳ್ತಾರ್ರೀ! ಅಸೆಂಬ್ಲಿನ ಕೇಳಿದ್ರ ಹೆಚ್ಚು."

ಬಸು ತಮಾಷೆಗೆ ಹೇಳಿದ್ದಾದರೂ ಸಂವಿಧಾನದ 3ನೇ ವಿಧಿ ಹೇಳುವುದು ಹೆಚ್ಚುಕಡಿಮೆ ಅದನ್ನೇ. ರಾಜ್ಯವನ್ನು ಒಡೆಯಲು, ಕೂಡಿಸಲು, ಹೆಸರು ಬದಲಿಸಲು ಸಂಸತ್ತಿಗೆ ಅಧಿಕಾರವಿದೆ. ಆ ರಾಜ್ಯದ ವಿಧಾನಸಭೆಯನ್ನು ‘ಏನಂತೀರಿ?’ ಅಂತ ಕೇಳಬೇಕು. ಒಪ್ಪಲೇಬೇಕು ಅಂತಿಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ಮದುವೆ ನಿಶ್ಚಯ ಮಾಡಿ ಆಮೇಲೆ ಮಗಳನ್ನ ಕೇಳಿದ ಹಾಗೆ.

ಮಂಜನ ಭಾವ ನ್ಯೂಜೆರ್ಸಿಯಿಂದ ಬಂದಿದ್ದರು. ಅಲ್ಲಿಯವರೆಗೆ ಮೊಬೈಲಲ್ಲಿ ಏನೋ ನೋಡುತ್ತಿದ್ದವರು ತಲೆ ಎತ್ತಿದರು. "ಅಮೆರಿಕದಲ್ಲಿ ಹಾಗಾಗಲ್ಲ. ಆ ರಾಜ್ಯದ ಶಾಸನಸಭೆ ಒಪ್ಪದೆ ರಾಜ್ಯ ಒಡೆಯೋಹಾಗಿಲ್ಲ."

ಭಾವ ಶುರುಮಾಡಿದರೆ ಅಮೆರಿಕದಲ್ಲಿ ಎಲ್ಲ ಸರಿ ಇರುತ್ತದೆ ಅಂತ ನಮಗೆ ಗೊತ್ತು. ಆದರೆ ಈ ಸಲ ಅವರು ಹೇಳಿದ್ದರಲ್ಲಿ ಸ್ವಾರಸ್ಯ ಇತ್ತು. ನ್ಯೂಜೆರ್ಸಿ ಕರ್ನಾಟಕದ 8ನೇ ಒಂದು ಪಾಲಿನಷ್ಟೂ ದೊಡ್ಡದಲ್ಲ. ಅಷ್ಟರಲ್ಲಿ 21 ಕೌಂಟಿ, 560ಕ್ಕೂ ಹೆಚ್ಚು ಊರಾಡಳಿತಗಳು. ಶಾಲೆ ನೋಡಿಕೊಳ್ಳೋಕೆ ಬೇರೆ ಮಂಡಳಿ, ಅದಕ್ಕೂ ಬಹಳ ಕಡೆ ಚುನಾವಣೆ. ಮನೆ ತೆರಿಗೆ ಬಿಲ್ಲಿನಲ್ಲಿ ಕೌಂಟಿಗೆಷ್ಟು, ಊರಿಗೆಷ್ಟು, ಶಾಲೆಗೆಷ್ಟು ಅಂತ ಬಿಡಿಸಿ ಬರೆದಿರುತ್ತಾರಂತೆ. "ಶಾಲೆಯ ಪಾಲು ನೋಡಿದರೆ ಎದೆ ಝಲ್ಲೆನ್ನುತ್ತೆ," ಅಂದರು.

"ಅಲ್ಲಿನ ಸಂವಿಧಾನದಲ್ಲಿ ಈ ಊರಾಡಳಿತದ ಬಗ್ಗೆ ಏನು ಬರೆದಿದ್ದಾರೆ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ಅದು... ಇರಬೇಕು."

"ಏನೂ ಇಲ್ಲ. ಒಂದು ಸಾಲೂ ಇಲ್ಲ. ಅದೆಲ್ಲ ರಾಜ್ಯಗಳಿಗೆ ಬಿಟ್ಟದ್ದು. ನಮ್ಮಲ್ಲಿ ನೋಡಿ, 73ನೇ ತಿದ್ದುಪಡಿ, 74ನೇ ತಿದ್ದುಪಡಿ. 1993ರಿಂದ ಪಂಚಾಯಿತಿಗೂ ಪಾಲಿಕೆಗೂ ಸಂವಿಧಾನದಲ್ಲೇ ಜಾಗ."

ಭಾವ ಮತ್ತೆ ಮೊಬೈಲು ಹಿಡಿದರು. ಮೇಷ್ಟ್ರು ಗೆದ್ದರು ಅಂತ ನಾವೆಲ್ಲ ಅಂದುಕೊಂಡೆವು. ಅಷ್ಟರಲ್ಲಿ ನಾಗರತ್ನಕ್ಕ ನಕ್ಕರು.

ನಾಗರತ್ನಕ್ಕ ಆಗ ಈ ಊರಿನ ಗ್ರಾಮ ಪಂಚಾಯಿತಿ ಸದಸ್ಯೆ. 2020ರ ಡಿಸೆಂಬರ್‌ನಲ್ಲಿ ಗೆದ್ದವರು. ಬೆಳಗ್ಗೆಯಿಂದ ಅಡುಗೆಯವರಿಗೆ ನೀರಿನ ಟ್ಯಾಂಕರ್ ತರಿಸಿದ್ದು, ಶಾಮಿಯಾನಕ್ಕೆ ಜಾಗ ಬಿಡಿಸಿದ್ದು, ಪಕ್ಕದ ಮನೆಯವರ ಎಮ್ಮೆ ಕಟ್ಟಿಹಾಕಿಸಿದ್ದು ಎಲ್ಲ ಅವರೇ.

"ಜಾಗ ಕೊಟ್ಟವ್ರೆ ಮೇಷ್ಟ್ರೇ, ಇಲ್ಲ ಅಂದೋರ್ಯಾರು? ಮನೇಲಿ ಜಾಗ ಕೊಟ್ಟು ಬೀರು ಕೀ ಕೊಡದಿದ್ರೆ?"

"29 ವಿಷಯ ಪಟ್ಟಿ ಮಾಡಿ ಕೊಟ್ಟಿದ್ದಾರಲ್ಲಮ್ಮ, 11ನೇ ಅನುಸೂಚಿ..."

"ಟ್ರೈನಿಂಗ್‌ನಾಗೆ ಹೇಳಿದ್ರು. ಕೊಡಬಹುದು ಅಂತ ಬರೆದವ್ರಂತೆ. ಕೊಡಬೇಕು ಅಂತ ಬರೆದಿಲ್ವಂತೆ. ನಮ್ಮತ್ತೆನೂ ಹಂಗೇ. ಚಿನ್ನದ ಬಳೆ ನಿಂಗೇ ಕೊಡಬಹುದು ಅಂತ ಮೂವತ್ತು ವರ್ಷದಿಂದ ಅಂತಾವ್ರೆ."

ಮೇಷ್ಟ್ರು ಎಲೆಗೆ ಸುಣ್ಣ ಜಾಸ್ತಿ ಹಚ್ಚಿಬಿಟ್ಟರು.

ಈ ‘ಬಹುದು’ ನಿಜವಾಗಿಯೂ ದೊಡ್ಡ ಪದ. ದೆಹಲಿಗೂ ರಾಜ್ಯಕ್ಕೂ ನಡುವೆ ಪಾಲು ಆಗುವಾಗ 7ನೇ ಅನುಸೂಚಿಯಲ್ಲಿ ಪಟ್ಟಿ ಬರೆದರು. ಸೇನೆ, ರೈಲು, ನೋಟು ದೆಹಲಿಗೆ. ಪೊಲೀಸ್, ಜಮೀನು, ಆಸ್ಪತ್ರೆ ರಾಜ್ಯಕ್ಕೆ. ಇನ್ನು ಕೆಲವು ಇಬ್ಬರಿಗೂ. ಶಾಲೆ, ಕಾಡು ಮೊದಲು ರಾಜ್ಯದ ಪಟ್ಟಿಯಲ್ಲೇ ಇದ್ದವು, 1976ರ 42ನೇ ತಿದ್ದುಪಡಿಯಲ್ಲಿ ಜಂಟಿ ಖಾತೆಗೆ ಹೋದವು. ಜಗಳ ಇದ್ದೇ ಇದೆ, ಆದರೆ ಜಗಳ ಆಡೋಕೆ ಕೈಯಲ್ಲಿ ಒಂದು ಕಾಗದ ಇದೆ. ಪಂಚಾಯಿತಿಯ ವಿಷಯಕ್ಕೆ ಬಂದಾಗ, ಏನು ಕೊಡಬೇಕು ಅನ್ನೋದನ್ನ ರಾಜ್ಯದ ಕೈಗೇ ಬಿಟ್ಟರು.

ರಾಜ್ಯ ಏನು ಮಾಡುತ್ತೆ? ದೆಹಲಿಗೆ ಹೋದಾಗ ಸೊಸೆ, ಊರಿಗೆ ಬಂದಾಗ ಅತ್ತೆ. ದೆಹಲಿ ರಾಜ್ಯಗಳಿಗೆ ಹಂಚುವ ತೆರಿಗೆ ದುಡ್ಡಿನಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713% ಇತ್ತು, 15ನೆಯದರಲ್ಲಿ 3.647%ಕ್ಕೆ ಇಳಿಯಿತು. ನ್ಯಾಯವಾಗಿಯೇ ಕೂಗಾಡಿದರು. ಎಲ್ಲ ಪಕ್ಷದವರೂ ಒಂದಲ್ಲ ಒಂದು ಸಲ ಸೆರಗು ಕಣ್ಣಿಗೊತ್ತಿಕೊಂಡವರೇ. ಅದೇ ಸೊಸೆ ವಿಧಾನಸೌಧದ ಮೆಟ್ಟಿಲು ಹತ್ತಿದ ಕೂಡಲೇ ಕೀಗೊಂಚಲು ಸೊಂಟಕ್ಕೆ ಸಿಗಿಸಿಕೊಳ್ಳುತ್ತಾಳೆ.

"ಅಕ್ಕ, ದೆಹಲಿಯಿಂದ ನಿಮಗೆ ದುಡ್ಡು ಬರುತ್ತಲ್ಲ, ಹಣಕಾಸು ಆಯೋಗದ್ದು?" ಅಂದೆ.

"ಬರುತ್ತಪ್ಪ, ಚೀಟಿ ಸಮೇತ ಬರುತ್ತೆ. 100 ರೂಪಾಯಲ್ಲಿ 60 ನೀರಿಗೆ, ನೈರ್ಮಲ್ಯಕ್ಕೇ ಹಾಕಬೇಕು. ಅಂಗಡಿಗೆ ಕಳಿಸೋವಾಗ ಇಷ್ಟಕ್ಕೆ ಬೇಳೆ, ಇಷ್ಟಕ್ಕೆ ಎಣ್ಣೆ ಅಂತ ಬರ್ಕೊಡ್ತಾರಲ್ಲ, ಹಂಗೆ. ನಮ್ಮೂರಿಗೆ ಬೇಕಾಗಿರೋದು ಉಪ್ಪಾದ್ರೆ?"

"ಬೀದಿದೀಪ ನಿಮ್ಮದೇ ತಾನೆ? ಅದಕ್ಕಾದರೂ ಅಧಿಕಾರ ಇದೆಯಲ್ಲ," ಅಂದ ಸೀನ. ಸಾರು ಮುಗಿಸಿ ಮಜ್ಜಿಗೆಗೆ ಕೈ ಒಡ್ಡಿದ್ದ.

"ಕಂಬ ಕರೆಂಟ್ ಕಂಪನಿದು, ಬಲ್ಬು ಪಂಚಾಯಿತಿದು, ಬಿಲ್ಲೂ ಪಂಚಾಯಿತಿದು. ಕತ್ತಲೆ ನಮ್ದು."

ಒಂದು ಕಾಲದಲ್ಲಿ ಇಲ್ಲೇ, ಇದೇ ರಾಜ್ಯದಲ್ಲಿ, ಬೀರು ಕೀ ಕೆಳಕ್ಕೆ ಕೊಟ್ಟ ಮನುಷ್ಯ ಒಬ್ಬರಿದ್ದರು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನಿಸಿಕೊಂಡವರು. ಅವರು ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ 25% ಮೀಸಲಾತಿ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಐಎಎಸ್ ಅಧಿಕಾರಿ ಅವರ ಕೈಕೆಳಗೆ. ಆಗ ಮೇಷ್ಟ್ರು ಹೊಸದಾಗಿ ಕೆಲಸಕ್ಕೆ ಸೇರಿದ್ದರಂತೆ. ಶಾಲೆಗೆ ತಡವಾಗಿ ಬಂದರೆ ಮಂಡಲ ಪ್ರಧಾನರು ಬಾಗಿಲಲ್ಲೇ ನಿಂತಿರುತ್ತಿದ್ದರು ಅಂತ ಹೇಳಿದರು. ಹೇಳುವಾಗ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು. ದೇಶಕ್ಕೆಲ್ಲ ಪಂಚಾಯಿತಿ ತಿದ್ದುಪಡಿ ಬಂದದ್ದು ಅದಾದ ಮೇಲೆ.

ಈಗ? ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ಕ್ಕೆ ಅವಧಿ ಮುಗಿಯಿತು. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಆಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಪೂರ್ತಿ ಐದು ವರ್ಷ ಒಬ್ಬ ಕಾರ್ಪೊರೇಟರ್ ಇಲ್ಲದೆ ಊರು ನಡೆಯಿತು. ಅಂದರೆ ಒಂದು ಇಡೀ ಅವಧಿ. ಅಧಿಕಾರ ಕೊಡೋದು ‘ಬಹುದು’ ಇರಲಿ, ಅವಧಿ ಮುಗಿಯೋದರೊಳಗೆ ಚುನಾವಣೆ ಮಾಡಿ ಅನ್ನೋದು ‘ಬೇಕು’ ಅಂತಲೇ ಬರೆದಿದೆ. ಮೀಸಲಾತಿ ಪಟ್ಟಿ, ವಾರ್ಡ್ ಗೆರೆ, ಕೋರ್ಟು ಅಂತ ಕಾರಣಗಳಿಗೇನು ಕೊರತೆ ಇಲ್ಲ.

"ಕಾರ್ಪೊರೇಟರ್ ಇಲ್ಲ ಅಂತ ನಂಗೆ ಗೊತ್ತೇ ಆಗಲಿಲ್ಲ ಕಣ್ರೋ," ಅಂದ ಸೀನ.

"ಇದ್ದಾಗ ಯಾರು ಅಂತ ಗೊತ್ತಿತ್ತಾ?" ಅಂದ ಮಂಜ.

ಸೀನ ಮಜ್ಜಿಗೆ ಕುಡಿದ. ನಾನೂ ಸುಮ್ನೆ ಬೇರೆ ಕಡೆ ನೋಡಿದೆ. ನನಗೂ ಗೊತ್ತಿರಲಿಲ್ಲ. ಪ್ರಧಾನಿ ಯಾವ ದೇಶದಲ್ಲಿದ್ದಾರೆ, ಮುಖ್ಯಮಂತ್ರಿ ಬದಲಾಗ್ತಾರಾ ಇಲ್ವಾ ಅಂತ ನಾವು ದಿನಾ ಎರಡು ಗಂಟೆ ಮಾತಾಡ್ತೀವಿ. ಮನೆ ಮುಂದಿನ ಮೋರಿ ಯಾರದು ಅಂತ ಕೇಳಿದರೆ ‘ಗೌರ್ಮೆಂಟ್‌ದು’ ಅಂತೀವಿ.

ನಾಗರತ್ನಕ್ಕನ ಫೋನ್ ಹೊಡೆದುಕೊಂಡಿತು. ಕೆಳಗಿನ ಬೀದಿಗೆ ನೀರು ಬಿಟ್ಟಿಲ್ಲವಂತೆ. "ನೀರುಗಂಟಿ ಇಲ್ಲೇ ಊಟ ಮಾಡ್ತಾವ್ನೆ, ಕಳಿಸ್ತೀನಿ ತಡಿ," ಅಂದು ಎದ್ದರು. ಹೋಗುವಾಗ ಒಳಗಿಂದ ಒಂದು ಡಬ್ಬಿ ತಂದು ಸೀನನ ಕೈಗಿಟ್ಟರು. ಐದು ಹೋಳಿಗೆ! ಖಾಲಿ ಅಂದದ್ದು ಸುಳ್ಳಂತೆ, ಬರದೇ ಇರೋರಿಗೆ ಅಂತ ಮೊದಲೇ ಎತ್ತಿಟ್ಟಿದ್ದರಂತೆ.

ಸೀನ ಬೈಕ್ ಹತ್ತಿದ. ಹೆಲ್ಮೆಟ್ ಹಾಕಿಕೊಂಡು, ಆಮೇಲೆ ತೆಗೆದು, ಮಂಜನನ್ನ ಕೇಳಿದ: "ಬೆಂಗಳೂರು ದಕ್ಷಿಣದಿಂದ ಬೆಂಗಳೂರಿಗೆ ಯಾವ ಕಡೆ ಹೋಗಬೇಕು?"

"ಪೂರ್ವಕ್ಕೆ."