ಅಪ್‌ಡೇಟ್: ಮಾವನ ಮನೆ ಹಳೇ ಗ್ರೀಕ್ ಬಂದೂಕು

ಹೆಂಡ್ತಿ ತವರು, ಗ್ರೀಸ್‌ನ ಕಾಲಮಾಟಾ ಊರಲ್ಲಿ ಗೋಡೆಗೆ ನೇತುಹಾಕಿರೋ ಬಂದೂಕು ಯಾರದ್ದು ಅಂತ ಕೇಳಿದ್ನಲ್ಲ, ನೀವು ಹೇಳಿದ ಹಾಗೆ ಮಾವನ ಕೈಲಿ ತುಕ್ಕು ಒರೆಸಿಸಿ ಫೋಟೋ ತರಿಸ್ಕೊಂಡೆ, ಅದ್ರ ಮೇಲೆ ಸ್ಟೈರ್ (ಆಸ್ಟ್ರಿಯಾದ ಬಂದೂಕು ಕಾರ್ಖಾನೆ) ಅಂತ ಇದೆ, ಜೊತೆಗೆ 1877. ಅಂದ್ರೆ ಗ್ರಾಸ್ ರೈಫಲ್ಲೇ, 11 ಮಿಮೀ, ಒಂದೊಂದೇ ಗುಂಡು ಹಾಕಿ ಹೊಡೆಯೋದು, ಫ್ರೆಂಚರ 1874ರ ಡಿಸೈನು, ಗ್ರೀಸ್‌ನವರು ಆಸ್ಟ್ರಿಯಾದಲ್ಲಿ ಮಾಡಿಸಿದ್ದು. ಮಾವ ಮಾತ್ರ ಇದು 1821ರ ಗ್ರೀಕ್ ಸ್ವಾತಂತ್ರ್ಯ ಕ್ರಾಂತಿದು ಅಂತ ಪಟ್ಟು ಬಿಡ್ತಿಲ್ಲ, ಆಗ ಇದು ಹುಟ್ಟೇ ಇರ್ಲಿಲ್ಲ ಮಾರಾಯ್ರೆ!

ಅಲ್ಲಿ ಸರ್ಕಾರಿ ಆರ್ಕೈವ್ಸ್‌ನಲ್ಲಿ ಹುಟ್ಟಿದ ವರ್ಷದ ಪ್ರಕಾರ ಗಂಡಸರ ರಿಜಿಸ್ಟರ್ ಇರುತ್ತೆ, ಅದ್ರಲ್ಲಿ ಮುತ್ತಜ್ಜನ ಹೆಸರು 1875ರಲ್ಲಿ ಸಿಕ್ತು. 1897ರ ತುರ್ಕಿ ಯುದ್ಧಕ್ಕೆ 22 ವಯಸ್ಸು, ಆಗ ಗ್ರೀಕ್ ಸೈನ್ಯದಲ್ಲಿದ್ದದ್ದು ಗ್ರಾಸೇ, ಅದ್ರ ಜಾಗಕ್ಕೆ ಮಾನ್‌ಲಿಷರ್ ರೈಫಲ್ ಬಂದಿದ್ದು ಆಮೇಲೆ, ಲೆಕ್ಕ ಕೂಡುತ್ತೆ. ಸೈನ್ಯದ ಬಂದೂಕು ಮನೆಗೆ ಹೇಗೆ ಬಂತು ಅಂದ್ರೆ ಅತ್ತೆ ನಕ್ಕು ಮಾತು ಬದಲಾಯಿಸ್ತಾರೆ.