ಡಿಜಿಟ್ ಸ್ಪ್ಯಾನ್: ಇಂಗ್ಲಿಷ್ ಕೋಷ್ಟಕ ಕನ್ನಡದವರಿಗೆ ಹೊಂದುತ್ತದೆಯೇ?

ಅಳತೆಗೋಲು (ಚರ್ಚೆ ಶುರು ಮಾಡಿದವರು): ಹಳ್ಳಿಯ ಹಿರಿಯರ ಅಲ್ಪಾವಧಿ ನೆನಪನ್ನು ಅಳೆಯಲು ಡಿಜಿಟ್ ಸ್ಪ್ಯಾನ್, ಅಂದರೆ ಕೇಳಿದ ಅಂಕಿಗಳನ್ನು ನೆನಪಿಟ್ಟು ಹೇಳುವ ಪರೀಕ್ಷೆ, ಸಾಕು. ಸೆಕೆಂಡಿಗೊಂದು ಅಂಕಿ ಓದಿ, ಅದೇ ಕ್ರಮದಲ್ಲಿ ಮರಳಿ ಹೇಳಿಸಿ. ಅಂಕಿಗಳ ಸಾಲನ್ನು ಉದ್ದ ಮಾಡುತ್ತಾ ಹೋಗಿ, ಒಂದೇ ಉದ್ದದ ಎರಡು ಸಾಲೂ ತಪ್ಪಿದರೆ ನಿಲ್ಲಿಸಿ. ಬಳಿಕ ಹಿಂದಿನಿಂದ ಮುಂದಕ್ಕೆ ಹೇಳಿಸಿ. ಬಂದ ಅಂಕವನ್ನು, ಎಷ್ಟು ಅಂಕ ಸಹಜ ಎಂದು ಹೇಳುವ ಇಂಗ್ಲಿಷ್ ಕೈಪಿಡಿಯ ಕೋಷ್ಟಕದ ಜೊತೆ ಹೋಲಿಸಿದರಾಯಿತು.

ರೇಖಾ: ಎಡವಟ್ಟು ಇರುವುದೇ ಆ ಹೋಲಿಕೆಯಲ್ಲಿ ಸರ್. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ‘ಸೆವೆನ್’ ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ತುಣುಕು (ಸಿಲಬಲ್). ನಮ್ಮಲ್ಲಿ ಎಲ್ಲಕ್ಕೂ ಕನಿಷ್ಠ ಎರಡು. ‘ಎರಡು’, ‘ಒಂಬತ್ತು’ ಇವಕ್ಕೆ ಮೂರು. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟೇ ನೆನಪಿನಲ್ಲಿ ನಿಲ್ಲುತ್ತದೆ ಎಂದು ಮನೋವಿಜ್ಞಾನಿ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲೇ ತೋರಿಸಿದರು. ಬ್ರಿಟನ್ನಿನ ವೆಲ್ಷ್ ಭಾಷೆಯಲ್ಲಿ ಅಂಕಿ ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು; 1980ರ ಅಧ್ಯಯನದಲ್ಲಿ ವೆಲ್ಷ್-ಇಂಗ್ಲಿಷ್ ದ್ವಿಭಾಷಿಕರಿಗೆ ವೆಲ್ಷ್‌ನಲ್ಲಿ ಸ್ಪ್ಯಾನ್ ಕಡಿಮೆ ಬಂತು. ಮನಸ್ಸಿನಲ್ಲೇ ಹೇಳಿಕೊಳ್ಳದಂತೆ ತಡೆದಾಗ ಆ ವ್ಯತ್ಯಾಸ ಮಾಯವಾಯಿತು. ಹಾಗಿದ್ದಮೇಲೆ ಅಂಕ ಒಂದು ಇಳಿದ ಮಾತ್ರಕ್ಕೆ ಅಜ್ಜಿಗೆ ಮರೆವು ಅಂತ ಬರೆಯುವುದು ಅನ್ಯಾಯ.

ನಾಗರಾಜ: ಓದುವವರ ದನಿಯನ್ನೂ ನೋಡಿ. ಫೋನ್ ನಂಬರ್ ಹೇಳುವಂತೆ ‘ಐದು ಎಂಟು… ಮೂರು ಒಂದು’ ಎಂದು ಜೋಡಿ ಮಾಡಿದರೆ ಅಂಕ ಏರುತ್ತದೆ. ದನಿ ಸಮವಾಗಿರಲಿ. ಕೇಳಿದವರೇ ‘ಐವತ್ತೆಂಟು’ ಎಂದು ಕೂಡಿಸಿ ಹೇಳಿದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಅಳತೆಗೋಲು: ಭಾಷೆಯೇ ತೊಡಕಾದರೆ ಮಾತು ಬೇಡದ ಕೋರ್ಸಿ ಪರೀಕ್ಷೆ ಬಳಸೋಣ. ಒಂಬತ್ತು ಗಟ್ಟಿ (ಬ್ಲಾಕ್), ಸೆಕೆಂಡಿಗೊಂದರಂತೆ ಮುಟ್ಟಿ ತೋರಿಸುವುದು, ಅವರು ಅದೇ ಕ್ರಮದಲ್ಲಿ ಮುಟ್ಟುವುದು.

ರೇಖಾ: ಜೊತೆಗಿರಲಿ, ಬದಲಿಗೆ ಬೇಡ. ಅದು ಅಳೆಯುವುದು ಜಾಗದ ನೆನಪನ್ನು, ಮಾತಿನ ನೆನಪನ್ನಲ್ಲ. ಕಣ್ಣಿಗೆ ಪೊರೆ ಬಂದವರಿಗೆ ಅಂಕ ಸುಮ್ಮನೆ ಬೀಳುತ್ತದೆ.

ಶಾಹೀನ್: ಗಮನ ಅಳೆಯಲು ಸ್ಟ್ರೂಪ್ ಪರೀಕ್ಷೆ ತರುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಪದವನ್ನು ಓದದೆ ಅದರ ಬಣ್ಣ ಹೇಳಬೇಕು. ನೀಲಿ ಬಣ್ಣದಲ್ಲಿ ‘ಕೆಂಪು’ ಎಂದು ಬರೆದಿದ್ದರೆ ಓದು ಸರಾಗವಾಗಿರುವವರು ಹೆಚ್ಚು ತಡವರಿಸುತ್ತಾರೆ. ತಡವರಿಸಿ ಓದುವವರಿಗೆ ಅಕ್ಷರ ಅಡ್ಡಬರುವುದೇ ಕಡಿಮೆ. ಹಾಳೆಯಲ್ಲಿ ಅವರ ಗಮನವೇ ಚುರುಕು ಅಂತ ಕಾಣುತ್ತದೆ! ಅಂಥವರಿಗೆ ಕಲರ್ ಟ್ರೇಲ್ಸ್ ವಾಸಿ, ಬಣ್ಣದ ವೃತ್ತಗಳಲ್ಲಿರುವ ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಜೋಡಿಸುವುದು. ಅಂಕಿ ಗುರುತಿಸಿದರೆ ಸಾಕು, ಅಕ್ಷರಮಾಲೆ ಬೇಕಿಲ್ಲ.

ನಾಗರಾಜ: ಅಮೂರ್ತ ಚಿಂತನೆಗೆ ರೇವನ್‌ನ ಬಣ್ಣದ ಆವೃತ್ತಿ ಇದೆ, ಚಿತ್ರವಿನ್ಯಾಸದಲ್ಲಿ ಬಿಟ್ಟುಹೋದ ತುಂಡನ್ನು ಆರಿಸುವ 36 ಪ್ರಶ್ನೆ. ಒಂದೊಂದಕ್ಕೂ ಆರು ಆಯ್ಕೆ, ಅಂದರೆ ಕಣ್ಣು ಮುಚ್ಚಿ ಬೆರಳಿಟ್ಟರೂ ಸರಾಸರಿ ಆರು ಅಂಕ ಬರುತ್ತದೆ. ಆರರ ಆಸುಪಾಸಿನ ಅಂಕವನ್ನು ಸಾಮರ್ಥ್ಯ ಎಂದು ಓದಬೇಡಿ. ಒಂದೇ ಸ್ಥಾನಕ್ಕೆ ಬೆರಳಿಡುತ್ತಾ ಹೋದರೇ ಅಂತ ಉತ್ತರಪತ್ರಿಕೆಯಲ್ಲಿ ನೋಡಿ. ಮೊದಲ ಪ್ರಶ್ನೆ ಅರ್ಥವಾಗುವವರೆಗೆ ಮುಂದಕ್ಕೆ ಹೋಗಲೇಬೇಡಿ.

ಅಳತೆಗೋಲು: ಒಪ್ಪಿದೆ. ಹಾಗಾದರೆ ಹೋಲಿಕೆ ಯಾವುದರ ಜೊತೆ?

ರೇಖಾ: ಅದೇ ಊರಿನ ಆರೋಗ್ಯವಂತರ ಜೊತೆ. ವಯಸ್ಸು, ಶಾಲೆಗೆ ಹೋದ ವರ್ಷ, ಎರಡರ ಪ್ರಕಾರವೂ ಗುಂಪು ಮಾಡಿ. ಶಾಲೆಯನ್ನೇ ನೋಡದವರ ಗುಂಪು ಬೇರೆಯೇ ಇರಲಿ. ಯಾವ ಭಾಷೆಯಲ್ಲಿ ಕೇಳಿದಿರಿ, ಕಿವಿ ಸರಿಯಾಗಿ ಕೇಳಿಸುತ್ತಿತ್ತೇ ಎಂಬುದನ್ನು ಪ್ರತಿ ಹಾಳೆಯ ತಲೆಯ ಮೇಲೆ ಬರೆಯಿರಿ.